ಹೆಸರಿಗೆ ಆಸಾಮಿ ಹುಡುಕಿದ ಕಥೆ

ಪ್ರೀತಿಯ ಬಸೂ,

ಹೋದ ವಾರ ಫೋನಿನಲ್ಲಿ ನೀನು ಕೇಳಿದೆ: "ಅಲ್ಲಿ ಮಿಲಿಟರಿ ಕ್ಯಾಂಪಿನ ಹೆಸರು ಬದಲಾಯಿಸಿ, ಮತ್ತೆ ಹಳೇ ಹೆಸರೇ ಇಟ್ರಂತೆ. ಏನೋ ಅದು?" ಆಗ ಏನೋ ಹೇಳಿ ತೇಲಿಸಿಬಿಟ್ಟೆ. ಅದು ಫೋನಿನಲ್ಲಿ ಮುಗಿಯುವ ಕಥೆಯಲ್ಲ. ಹುಬ್ಬಳ್ಳಿ ಆರ್‌ಎಂಎಸ್‌ನಲ್ಲಿ ಇಪ್ಪತ್ತೆಂಟು ವರ್ಷ ಟಪಾಲು ಸಾರ್ಟಿಂಗ್ ಮಾಡಿದವನು ನೀನು. ಇದು ನಿನ್ನಷ್ಟು ಚೆನ್ನಾಗಿ ಬೇರೆಯವರಿಗೆ ಅರ್ಥವಾಗಲಿಕ್ಕಿಲ್ಲ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ನಾವಿರುವ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲಿಯಿಂದ ದಕ್ಷಿಣಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಕಾರು ಓಡಿಸಿದರೆ ಫೇಯಟ್‌ವಿಲ್ ಸಿಗುತ್ತದೆ. ಆ ಊರಿಗೆ ಅಂಟಿಕೊಂಡೇ ನೀನು ಕೇಳಿದ ಆ ಮಿಲಿಟರಿ ಕ್ಯಾಂಪು, ಫೋರ್ಟ್ ಬ್ರ್ಯಾಗ್, ಇದೆ. ಪ್ಯಾರಾಶೂಟಿನಿಂದ ಇಳಿಯುವ 82ನೇ ಏರ್‌ಬೋರ್ನ್ ಡಿವಿಷನ್ ಇರುವುದು ಅಲ್ಲೇ. 2023ರ ಜೂನ್ 2ರಂದು ಅದು ಫೋರ್ಟ್ ಲಿಬರ್ಟಿ ಆಯಿತು. ಹೊಸ ಬೋರ್ಡುಗಳ ಬಣ್ಣ ಇನ್ನೂ ಮಾಸಿರಲಿಲ್ಲ, 2025ರ ಫೆಬ್ರವರಿಯಲ್ಲಿ ಮತ್ತೆ ಫೋರ್ಟ್ ಬ್ರ್ಯಾಗ್! ನಮ್ಮ ಪಕ್ಕದ ಮನೆಯ ಅಜ್ಜ ಒಂದು ಕಾಲಕ್ಕೆ ಅಲ್ಲಿ ಸೈನಿಕನಾಗಿದ್ದವನು. ಅವನ ಬಾಯಲ್ಲಿ ಲಿಬರ್ಟಿ ಅನ್ನುವ ಮಾತು ಒಂದು ದಿನವೂ ಬರಲಿಲ್ಲ. "ನಾನು ಹಾರಿದ್ದು ಬ್ರ್ಯಾಗ್‌ನಲ್ಲಿ" ಅನ್ನುತ್ತಾನೆ, ಅಷ್ಟೇ. ಅವನ ಮಾತೂ ನನಗೆ ಅರ್ಥವಾಗುತ್ತದೆ. ಅವನಿಗೆ ಬ್ರ್ಯಾಗ್ ಅಂದರೆ ಒಬ್ಬ ಮನುಷ್ಯನಲ್ಲ, ತನ್ನ ಹರೆಯ.

ಆದರೆ ಆ ಮನುಷ್ಯ ಯಾರು? ಬ್ರ್ಯಾಕ್ಸ್‌ಟನ್ ಬ್ರ್ಯಾಗ್. 1861ರಿಂದ 65ರವರೆಗೆ ಇಲ್ಲಿ ಅಂತರ್ಯುದ್ಧ ಆಯಿತಲ್ಲ, ಆಗ ಗುಲಾಮಗಿರಿ ಉಳಿಯಲಿ ಅಂತ ದೇಶದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳ ಕಡೆಯ ಜನರಲ್. ಕಾನ್ಫೆಡರೇಟ್‌ಗಳು ಅಂತಾರೆ ಅವರನ್ನು. ಲೂಸಿಯಾನಾದಲ್ಲಿ ಇವನಿಗೆ ಕಬ್ಬಿನ ತೋಟವಿತ್ತು, ಅದರಲ್ಲಿ ದುಡಿಯಲು ನೂರಕ್ಕೂ ಹೆಚ್ಚು ಗುಲಾಮರಿದ್ದರು. ಸೇನಾಪತಿಯಾಗಿಯಾದರೂ ಗಟ್ಟಿಗನೇ ಅಂದರೆ ಅದೂ ಇಲ್ಲ. ಅವನ ಕೈಕೆಳಗಿನ ಅಧಿಕಾರಿಗಳೇ ಇವನನ್ನು ತೆಗೆಯಿರಿ ಅಂತ ದೂರು ಕೊಟ್ಟಿದ್ದರು. 1863ರಲ್ಲಿ ಚಟನೂಗಾದಲ್ಲಿ ಸೋತು ಪಟ್ಟ ಬಿಟ್ಟ.

ತನ್ನ ಮೇಲೇ ಬಂದೂಕು ಎತ್ತಿದವನ, ಅದೂ ಸೋತವನ ಹೆಸರನ್ನು ಅಮೆರಿಕದ ಸೇನೆ ತನ್ನ ಕ್ಯಾಂಪಿಗೆ ಇಟ್ಟುಕೊಂಡಿತು. ಇಂಥವು ಒಟ್ಟು ಒಂಬತ್ತು. ಎಲ್ಲವೂ ದಕ್ಷಿಣದಲ್ಲೇ, ಎಲ್ಲವೂ ಎರಡು ಮಹಾಯುದ್ಧಗಳ ಹೊತ್ತಿನವು. ಸೇನೆಗೆ ಬೇಗ ಜಾಗ ಬೇಕಿತ್ತು, ಊರಿನ ದೊಡ್ಡವರ ಮನಸ್ಸು ಗೆಲ್ಲಬೇಕಿತ್ತು. ಆ ಕಾಲದಲ್ಲಿ ಅಲ್ಲಿನ ಕಪ್ಪು ಜನರಿಗೆ ಓಟು ಹಾಕಲೂ ಬಿಡುತ್ತಿರಲಿಲ್ಲ. ಅವರನ್ನು ಕೇಳುವವರು ಯಾರು? ತಮ್ಮ ಅಜ್ಜಂದಿರನ್ನು ಗುಲಾಮರಾಗಿಯೇ ಇಡಲು ಹೋರಾಡಿದವರ ಹೆಸರಿನ ಗೇಟು ದಾಟಿ ಅವರ ಮಕ್ಕಳೂ ಕವಾಯತಿಗೆ ಹೋದರು.

2020ರಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ ಈ ಹೆಸರುಗಳನ್ನು ತೆಗೆಯಬೇಕು ಅನ್ನುವ ಮಾತು ಜೋರಾಯಿತು. ಹೆಸರು ತೆಗೆಯಬೇಕು ಅನ್ನುವ ಕಾನೂನಿಗೆ ಟ್ರಂಪ್ ವೀಟೋ ಹಾಕಿದರು. 2021ರ ಜನವರಿ 1ರಂದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ ಆ ವೀಟೋವನ್ನೇ ತಳ್ಳಿಹಾಕಿತು. ಅವರ ಮೊದಲ ಅವಧಿಯಲ್ಲಿ ಹಾಗಾದದ್ದು ಅದೊಂದೇ ಸಲ. ಒಂದು ಆಯೋಗ ಕೂತು ಹೊಸ ಹೆಸರುಗಳನ್ನು ಆರಿಸಿತು. ಸೇನೆಯಲ್ಲಿರುವ ಇಂಥ ಎಲ್ಲ ಹೆಸರುಗಳನ್ನೂ ಬದಲಿಸಲು 62.5 ಮಿಲಿಯನ್ ಡಾಲರ್ ಖರ್ಚಾಗುತ್ತದೆ ಅಂತ ಲೆಕ್ಕ ಕೊಟ್ಟಿತು. 2023 ಮುಗಿಯುವುದರೊಳಗೆ ಒಂಬತ್ತೂ ಬದಲಾದವು. ಲಿಬರ್ಟಿ ಅನ್ನುವುದು ನನಗೆ ಅಷ್ಟೇನೂ ಹಿಡಿಸಲಿಲ್ಲ, ಬ್ಯಾಂಕಿನ ಹೆಸರಿನ ಹಾಗಿತ್ತು. ಉಳಿದವು ಮನುಷ್ಯರ ಹೆಸರುಗಳು, ಒಳ್ಳೆಯವು.

ಈಗ ಕೇಳು ಚಮತ್ಕಾರ. ಕಾನ್ಫೆಡರೇಟ್‌ಗಳ ಹೆಸರು ಇಡಬಾರದು ಅಂತ ಕಾನೂನಿದೆ. 2025ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಟ್ರಂಪ್ ಸರ್ಕಾರಕ್ಕೆ ಹಳೇ ಹೆಸರೂ ಬೇಕು. ಏನು ಮಾಡೋದು? ಅದೇ ಅಡ್ಡಹೆಸರಿನ ಬೇರೆ ಸೈನಿಕನನ್ನು ಹುಡುಕೋದು! ಈಗ ಬ್ರ್ಯಾಗ್ ಅಂದರೆ ಆ ಜನರಲ್ ಅಲ್ಲವಂತೆ. ಎರಡನೇ ಮಹಾಯುದ್ಧದಲ್ಲಿ ಹೋರಾಡಿದ ರೋಲಂಡ್ ಬ್ರ್ಯಾಗ್ ಅನ್ನುವ ಸಾದಾ ಸಿಪಾಯಿಯಂತೆ. ನಾವು ಮಗು ಹುಟ್ಟಿದ ಮೇಲೆ ಅಜ್ಜನ ಹೆಸರಿಡೋಣವೋ ದೇವರ ಹೆಸರಿಡೋಣವೋ ಅಂತ ಹುಡುಕುತ್ತೇವೆ. ಇವರು ಹೆಸರನ್ನು ಕೈಯಲ್ಲಿ ಹಿಡಿದುಕೊಂಡು ಅದಕ್ಕೊಂದು ಮಗು ಹುಡುಕಿದ್ದಾರೆ.

ವರ್ಜಿನಿಯಾದಲ್ಲಿ ಫೋರ್ಟ್ ಎ.ಪಿ. ಹಿಲ್ ಅಂತ ಇತ್ತು. ಅದನ್ನು ತೆಗೆದು ಮೇರಿ ವಾಕರ್ ಅನ್ನುವ ಡಾಕ್ಟರಮ್ಮನ ಹೆಸರು ಇಟ್ಟಿದ್ದರು. ದೇಶದ ಅತಿ ದೊಡ್ಡ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಪಡೆದ ಒಬ್ಬಳೇ ಹೆಂಗಸು ಆಕೆ. ಆ ಹೆಸರು ಹೋಯಿತು. ಎ, ಪಿ, ಹಿಲ್ ಮೂರೂ ಕೂಡಿಬರುವ ಒಬ್ಬನೇ ಸಿಗಲಿಲ್ಲವೇನೋ, ಮೂವರನ್ನು ಜೋಡಿಸಿದರು: ಆ್ಯಂಡರ್ಸನ್, ಪಿನ್, ಹಿಲ್. ಮೂವರೂ ಉತ್ತರದ ಕಡೆಯಿಂದ ಹೋರಾಡಿದವರು, ಅಂದರೆ ಆ ಹಳೇ ಹಿಲ್‌ನ ವೈರಿಗಳು. ಅವರಲ್ಲಿ ಇಬ್ಬರು ಕಪ್ಪು ಸೈನಿಕರು. ಮೂವರಿಗೂ ಮೆಡಲ್ ಆಫ್ ಆನರ್ ಬಂದಿದೆ. ಇಂಥವರ ಹೆಸರನ್ನು ಒಗಟು ಬಿಡಿಸುವ ಹಾಗೆ ಅಕ್ಷರಕ್ಕೆ ಹೊಂದಿಸಿ ಕೂರಿಸಿದ್ದು ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಫೋರ್ಟ್ ಲೀ ವಿಷಯಕ್ಕೆ. ಅದೂ ವರ್ಜಿನಿಯಾದಲ್ಲೇ, ಪೀಟರ್ಸ್‌ಬರ್ಗ್ ಹತ್ತಿರ. ಕಾನ್ಫೆಡರೇಟ್‌ಗಳ ದೊಡ್ಡ ಜನರಲ್ ರಾಬರ್ಟ್ ಇ. ಲೀ ಹೆಸರು ಅದಕ್ಕಿತ್ತು. 2023ರ ಏಪ್ರಿಲ್‌ನಲ್ಲಿ ಫೋರ್ಟ್ ಗ್ರೆಗ್-ಆ್ಯಡಮ್ಸ್ ಆಯಿತು. ಆರ್ಥರ್ ಗ್ರೆಗ್ ತರುಣ ಅಧಿಕಾರಿಯಾಗಿ ಅಲ್ಲಿಗೆ ಬಂದಾಗ ಕಪ್ಪು ಬಣ್ಣದವನು ಅಂತ ಅಧಿಕಾರಿಗಳ ಕ್ಲಬ್ಬಿನೊಳಗೆ ಬಿಟ್ಟಿರಲಿಲ್ಲ. ಅದೇ ಗ್ರೆಗ್ ಮೂರು ನಕ್ಷತ್ರದ ಜನರಲ್ ಆದರು. ತೊಂಬತ್ತು ದಾಟಿದ ಮೇಲೆ ತಮ್ಮ ಹೆಸರಿನ ಬೋರ್ಡನ್ನು ಕಣ್ಣಾರೆ ನೋಡಿದರು. 2024ರ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರು ಹೋಗಿ ವರ್ಷ ತುಂಬುವುದರೊಳಗೆ ಹೆಸರೂ ಹೋಯಿತು.

ಇನ್ನೊಬ್ಬರು ಚಾರಿಟಿ ಆ್ಯಡಮ್ಸ್. ಬಸೂ, ನಿನ್ನ ನೆನಪಾದದ್ದು ಈಕೆಯಿಂದ. 1945ರಲ್ಲಿ ಈಕೆ 6888ನೇ ಸೆಂಟ್ರಲ್ ಪೋಸ್ಟಲ್ ಡೈರೆಕ್ಟರಿ ಬಟಾಲಿಯನ್ನಿನ ಮುಖ್ಯಸ್ಥೆ. 855 ಹೆಂಗಸರು, ಬಹುತೇಕ ಎಲ್ಲ ಕಪ್ಪು ಹೆಂಗಸರೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ಗೆ ಇವರನ್ನು ಕಳಿಸಿದರು. ಯುರೋಪಿನಲ್ಲಿದ್ದ ಅಮೆರಿಕದ ಸೈನಿಕರಿಗೆ ಬಂದ ಟಪಾಲು ಬಟವಾಡೆಯಾಗದೆ ಅಲ್ಲಿ ಗೋದಾಮುಗಳಲ್ಲಿ ರಾಶಿ ಬಿದ್ದಿತ್ತು. ಸುಮಾರು 1 ಕೋಟಿ 70 ಲಕ್ಷ! ಚಳಿ ತಡೆಯಲು ಹೀಟರ್ ಇಲ್ಲ. ಬಾಂಬಿನ ಭಯಕ್ಕೆ ಕಿಟಕಿಗಳಿಗೆ ಕಪ್ಪು ಬಳಿದಿತ್ತು. ಮನೆಯಿಂದ ಬಂದ ಕೇಕಿನ ಪೊಟ್ಟಣಗಳಿಗೆ ಇಲಿಗಳ ಕಾಟ. ಕೆಲವು ಕವರಿನ ಮೇಲೆ ಬರೀ "ಜೂನಿಯರ್, ಅಮೆರಿಕನ್ ಸೇನೆ" ಅಂತ ಇರುತ್ತಿತ್ತು. ನಮ್ಮ ಕಡೆ "ಕಲ್ಲಪ್ಪ, ಗುಡಿ ಹತ್ತಿರ, ಧಾರವಾಡ" ಅಂತ ಬರೆದು ಕಳಿಸ್ತಿದ್ರು ಅಂತ ನೀನು ನಗಿಸುತ್ತಿದ್ದೆಯಲ್ಲ, ಹಾಗೆ.

ಮೂರು ಪಾಳಿಯಲ್ಲಿ ಹಗಲೂ ರಾತ್ರಿ ದುಡಿದರು. ಆರು ತಿಂಗಳು ಬೇಕು ಅಂದಿದ್ದ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ನಿನ್ನ ಹೆಂಗಸರಿಗೆ ಕೆಲಸ ಕಲಿಸಲು ಒಬ್ಬ ಬಿಳಿ ಲೆಫ್ಟಿನೆಂಟನ್ನು ಕಳಿಸುತ್ತೇನೆ ಅಂತ ಒಬ್ಬ ಜನರಲ್ ಗದರಿದಾಗ ಆ್ಯಡಮ್ಸ್, ಮೊದಲು ನನ್ನ ಹೆಣ ಬೀಳಬೇಕು ಸರ್ ಅನ್ನುವ ಅರ್ಥದ ಉತ್ತರ ಕೊಟ್ಟರಂತೆ.

ಅವರಿಗಿದ್ದ ಎಲ್ಲಕ್ಕಿಂತ ದೊಡ್ಡ ತಲೆನೋವು ಯಾವುದು ಹೇಳು? ಒಂದೇ ಹೆಸರಿನವರು. ರಾಬರ್ಟ್ ಸ್ಮಿತ್ ಅನ್ನುವವರೇ ಏಳೂವರೆ ಸಾವಿರ ಜನ ಇದ್ದರಂತೆ. ಅದಕ್ಕೆ ಇವರು ಎಪ್ಪತ್ತು ಲಕ್ಷದಷ್ಟು ಕಾರ್ಡು ಇಟ್ಟುಕೊಂಡಿದ್ದರು. ಹೆಸರು ನಂಬುತ್ತಿರಲಿಲ್ಲ, ಪ್ರತಿ ಸೈನಿಕನ ಸೀರಿಯಲ್ ನಂಬರ್ ನೋಡುತ್ತಿದ್ದರು. ಒಬ್ಬ ಸ್ಮಿತ್‌ನ ತಾಯಿ ಬರೆದ ಕಾಗದ ಇನ್ನೊಬ್ಬ ಸ್ಮಿತ್‌ನ ಕೈಗೆ ಹೋಗಬಾರದು ಅಂತ.

ಅಂಥವಳ ಹೆಸರನ್ನು ಕಿತ್ತು ಮತ್ತೆ ಲೀ ಅಂತ ಬರೆದಿದ್ದಾರೆ. ಯಾವ ಲೀ? 1898ರಲ್ಲಿ ಕ್ಯೂಬಾದಲ್ಲಿ ಗಾಯಗೊಂಡ ಜೊತೆಗಾರರನ್ನು ಗುಂಡಿನ ನಡುವೆ ನುಗ್ಗಿ ಕಾಪಾಡಿದ ಕಪ್ಪು ಸೈನಿಕ ಫಿಟ್ಜ್ ಲೀ ಅಂತೆ. ಧೀರ, ಅದರಲ್ಲಿ ಎರಡು ಮಾತಿಲ್ಲ. ಆದರೆ 2025ರ ಜೂನ್ 10ರಂದು ಫೋರ್ಟ್ ಬ್ರ್ಯಾಗ್‌ನಲ್ಲಿ ನಿಂತು ಹೆಸರುಗಳನ್ನು ಓದಿದ ಟ್ರಂಪ್ ಅಂದದ್ದು "ಫೋರ್ಟ್ ರಾಬರ್ಟ್ ಇ. ಲೀ" ಅಂತಲೇ. ಫಿಟ್ಜ್ ಲೀ ಹೆಸರು ಹೇಳಿದ್ದು ಸೇನೆ. ಕವರಿನ ಮೇಲೆ ಒಬ್ಬ, ಒಳಗೆ ಇನ್ನೊಬ್ಬ. ಇಂಥ ಕಾಗದ ನಿನ್ನ ಮೇಜಿಗೆ ಬಂದಿದ್ದರೆ ಯಾವ ಬ್ಯಾಗಿಗೆ ಹಾಕುತ್ತಿದ್ದೆ ಹೇಳು.

ಮೊನ್ನೆ ಪಕ್ಕದ ಮನೆ ಅಜ್ಜನಿಗೆ ರೋಲಂಡ್ ಬ್ರ್ಯಾಗ್ ಯಾರು ಅಂತ ಕೇಳಿದೆ. "ಯಾರು?" ಅಂತ ನನ್ನನ್ನೇ ಕೇಳಿದ.

ನಿನ್ನ ಹೊಸ ಮನೆಯ ವಿಳಾಸ ಪೂರ್ತಿ ಬರೆದು ಕಳಿಸು. ಬಡಾವಣೆಗೆ ಹೊಸ ಹೆಸರು ಬಂದಿದೆ ಅಂದಿದ್ದೆ. ಹೊಸದೂ ಬರಿ, ಹಳೇದೂ ಬರಿ. ದೀಪಾವಳಿಗೆ ಒಂದು ಪಾರ್ಸಲ್ ಕಳಿಸುವುದಿದೆ. ವೈನಿಗೆ ನಮಸ್ಕಾರ ಹೇಳು.

ನಿನ್ನ,
ಮಲ್ಲು