ಕಾರು ತೊಳೆದ ನೀರು ಮೀನಿನ ಹಳ್ಳಕ್ಕೆ

ಮಾನ್ಯ ಸಂಪಾದಕರೇ,

ಮಗನ ಮನೆಗೆಂದು ಸಿಯಾಟಲ್‌ಗೆ ಬಂದು ನಾಲ್ಕು ತಿಂಗಳಾಯಿತು. ನಮ್ಮ ಮಲೆನಾಡಿನಲ್ಲಿ ಮುಂಗಾರು ಹಿಡಿದ ಕೂಡಲೇ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರಿ ಬರುತ್ತವಲ್ಲ, ಇಲ್ಲಿ ಸಾಲ್ಮನ್ ಮೀನಿನದೂ ಅದೇ ಕಥೆ. ಅದರಲ್ಲಿ ಕೊಹೊ ಎಂಬ ಜಾತಿ ಸಮುದ್ರದಲ್ಲಿ ಬೆಳೆದು, ಅಕ್ಟೋಬರ್-ನವೆಂಬರ್ ಮಳೆಗೆ ಹುಟ್ಟಿದ ಹಳ್ಳಕ್ಕೇ ಮೊಟ್ಟೆಯಿಡಲು ವಾಪಸ್ ಬರುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ, ಅದು ಸಹಜ.

ಲಾಂಗ್‌ಫೆಲೊ ಹಳ್ಳದಲ್ಲಿ ನಾನು ನೋಡಿದ್ದು ಬೇರೆ. ಮಳೆಯ ಮರುದಿನ ಮೊಳದುದ್ದದ ಹೆಣ್ಣು ಮೀನೊಂದು ಬಾಯಿ ಕಳೆಯುತ್ತಾ ನೀರಿನ ಮೇಲೆ ಸುತ್ತು ಹಾಕುತ್ತಿತ್ತು. ಸ್ವಲ್ಪ ಹೊತ್ತಿಗೆ ಮಗುಚಿತು. ಅಲ್ಲಿದ್ದ ಸ್ವಯಂಸೇವಕಿ ಹೊಟ್ಟೆ ಸೀಳಿ ತೋರಿಸಿದರು. ಮೊಟ್ಟೆ ಹಾಗೇ ತುಂಬಿತ್ತು.

ಕಾರಣ ಟೈರು. ರಬ್ಬರ್ ಬಿರಿಯದಿರಲಿ ಎಂದು ಅದಕ್ಕೆ 6ಪಿಪಿಡಿ ಎಂಬ ರಾಸಾಯನಿಕ ಸೇರಿಸುತ್ತಾರೆ. ಗಾಳಿಯ ಓಜೋನ್ ತಾಗಿ ಅದು ವಿಷವಾಗುತ್ತದೆ. ಸವೆದ ಟೈರಿನ ಪುಡಿಯ ಜೊತೆ ಹಳ್ಳ ಸೇರಿದರೆ ಕೊಹೊ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಇಲ್ಲಿನ ಸಂಶೋಧಕರು 2020ರಲ್ಲಿ ಇದನ್ನು ಬಯಲಿಗೆ ತಂದರು. ಮದ್ದು ಮಾತ್ರ ಅದಕ್ಕೂ ಮೊದಲೇ ಸಿಕ್ಕಿತ್ತು! 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹೆದ್ದಾರಿಯ ಮಳೆನೀರನ್ನು ಮರಳು, ಕಾಂಪೋಸ್ಟ್ ಮೂಲಕ ಸೋಸಿದಾಗ ಮೀನುಗಳು ಬದುಕಿದವು. ನಮ್ಮಜ್ಜಿ ಮಡಕೆಗೆ ಮರಳು, ಇದ್ದಿಲು ತುಂಬಿ ನೀರು ಸೋಸುತ್ತಿದ್ದದ್ದು ನೆನಪಾಯಿತು.

ಬಿಸಿಲು ಬಿದ್ದ ಭಾನುವಾರ ನನ್ನ ಮಗ ಮನೆ ಮುಂದೆಯೇ ಕಾರು ತೊಳೆಯುತ್ತಾನೆ. ಸೋಪಿನ ನೀರೂ ಮೀನಿಗೆ ಒಳ್ಳೆಯದಲ್ಲ. ಚರಂಡಿ ನೀರೆಲ್ಲ ಶುದ್ಧೀಕರಣ ಘಟಕಕ್ಕೆ ಹೋಗುತ್ತದೆ ಎಂದೇ ಅವನು ತಿಳಿದಿದ್ದ. ಮಳೆನೀರಿನ ಚರಂಡಿ ಎಷ್ಟೋ ಕಡೆ ನೇರ ಹಳ್ಳಕ್ಕೇ ಹೋಗುತ್ತದೆ. ಅದರ ಪಕ್ಕ ಮೀನಿನ ಚಿತ್ರವಿದೆ. ಸುಮ್ನೆ ಅಲಂಕಾರಕ್ಕೆ ಅಂದುಕೊಂಡಿದ್ದನಂತೆ, ಎಂಜಿನಿಯರು!

ಟೈರಿನ ರಾಸಾಯನಿಕ ಬದಲಿಸಬೇಕಾದವರು ಕಂಪನಿಗಳು. ಪುಯಾಲಪ್, ಯುರೋಕ್ ಮುಂತಾದ ಮೂಲನಿವಾಸಿಗಳು 2023ರಲ್ಲೇ ಸರ್ಕಾರಕ್ಕೆ ಅರ್ಜಿ ಕೊಟ್ಟಿದ್ದಾರೆ. ನನ್ನ ಕೋರಿಕೆ ಸಣ್ಣದು. ಇಲ್ಲಿರುವ ಸಾಫ್ಟ್‌ವೇರ್ ಕನ್ನಡಿಗರ ಅಪ್ಪ-ಅಮ್ಮ ಈ ಪತ್ರಿಕೆ ಓದುತ್ತೀರಿ. ವಿಡಿಯೊ ಕಾಲ್‌ನಲ್ಲಿ 'ಊಟ ಆಯ್ತಾ' ಎಂದು ಕೇಳಿದ ಮೇಲೆ ಇದನ್ನೂ ಹೇಳಿ. ಕಾರನ್ನು ಹುಲ್ಲಿನ ಮೇಲೆ ನಿಲ್ಲಿಸಿ ತೊಳೆಯಲಿ. ಸೂರಿನ ನೀರು ರಸ್ತೆಗೆ ಹರಿಯದೆ ಅಂಗಳದಲ್ಲೇ ಇಂಗುವ ಹಾಗೆ ತಗ್ಗು ತೋಡಿ ಗಿಡ ನೆಡಲಿ.

ಕಳೆದ ವಾರ ಮಗ ಕಾರನ್ನು ಹುಲ್ಲಿಗೆ ಹತ್ತಿಸಿದ. ಹುಲ್ಲು ಹಾಳಾಯಿತೆಂದು ಸೊಸೆಗೆ ಸಿಟ್ಟು.

-ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ (ಸದ್ಯ ಸಿಯಾಟಲ್)