ರಾತ್ರಿ ಎರಡಕ್ಕ ಫೋನ್ ಎತ್ತೋರು ಯಾರು?

ಪ್ರೀತಿಯ ಗೆಳೆಯಾ,

ಕಾಕಾನ ಕ್ಯಾನ್ಸರ್ ಇನ್ನ ವಾಸಿ ಆಗಂಗಿಲ್ಲ ಅಂತ ಅವರನ್ನ ಸೇರಸಾಕ ನೀ ಹುಡುಕಿದ ಮೂರೂ ಹಾಸ್ಪೈಸ್‌ಗಳ, ಅಂದ್ರ ನೋವು ಇಳಿಸಿ ಕಡೀ ತನಕ ನೋಡಿಕೊಳ್ಳೂ ಜಾಗಗಳ, ಫೋಟೋ ನೋಡಿದೆ. ಮೊದಲನೇದರ ತೋಟ ಭಾಳ ಚಂದ ಐತಿ. ಆದ್ರ ಕಾಕಾ ಈಗ ತೋಟದ ಮಟಾ ನಡದು ಹೋಗೂ ಹಂಗಿಲ್ಲ. ಅವರಿಗೆ ಕಾಣೂದು ಮ್ಯಾಲಿನ ಫ್ಯಾನು, ಮಗ್ಗಲಿನ ಗ್ವಾಡಿ, ಮತ್ತ ಗಂಟಿ ಒತ್ತಿದ ಮ್ಯಾಲೆ ಬಾಗಲದಾಗ ಬಂದು ನಿಂದರೂ ಒಂದು ಮಾರಿ. ಆ ಮಾರಿ ಎಷ್ಟೊತ್ತಿಗೆ ಬರತೈತಿ, ಬಂದು ಏನು ಮಾಡತೈತಿ ಅನ್ನೂದು ಫೋಟೋದಾಗ ಬರಂಗಿಲ್ಲ.

ಇದನ್ನ ಎಲ್ಲಾರೂ ಓದೂ ಹಂಗ ಹಾಕಲೇನು ಅಂದಾಗ "ಹಾಕು, ನಮ್ಮಂಗ ಹುಡುಕೂ ಮಂದಿ ಭಾಳ ಅದಾರ" ಅಂದಿ. ಅದಕ್ಕ ಹೆಸರು, ಊರಿನ ಓಣಿ ಎಲ್ಲಾ ತಗದೇನಿ. ಕಡೀಗೆ ಬರೂ ಛತ್ರಿ ಮಾತು ನಮ್ಮಿಬ್ಬರಿಗಷ್ಟ ತಿಳಿಯೂದು, ಅದನ್ನ ಮಾತ್ರ ಉಳಿಸೇನಿ.

"ಮೂರರಾಗ ಯಾವುದು ಚಲೋ?" ಅಂತ ಕೇಳಿದ್ದಿ. ಮೊದಲ ಕೆಲಸ: ಮೂರೂ ಕಡೆ ರಾತ್ರಿ ಎರಡಕ್ಕ ಫೋನ್ ಮಾಡು. ಸುಳ್ಳು ಹೇಳೂದು ಬ್ಯಾಡ. "ನಮ್ಮ ಕಾಕಾನ ನಿಮ್ಮಲ್ಲೆ ಸೇರಸಬೇಕಂತ ಅದೇವಿ, ಇಂಥಾ ಹೊತ್ತಿನಾಗ ನೋವು ಎದ್ದರ ಏನು ಮಾಡತೀರಿ?" ಅಂತ ನೆಟ್ಟಗ ಕೇಳು. ವಾಚಮನ್ ಎತ್ತಿ "ಮುಂಜಾನೆ ಹತ್ತಕ್ಕ ಮಾಡ್ರಿ" ಅಂದ್ರ ಆ ಜಾಗ ಬಿಡು. ಸಿಸ್ಟರ್ ಎತ್ತಿದ್ರ ಅವರ ಮರುಪ್ರಶ್ನೆ ಕೇಳು. ಈಗ ಯಾವ ಗುಳಗಿ ನಡದಾವ, ಕಡೀ ಗುಳಗಿ ಎಷ್ಟಕ್ಕ ಕೊಟ್ಟಿರಿ, ಸಂಡಾಸ ಆಗಿ ಎಷ್ಟು ದಿನ ಆತು, ನುಂಗಾಕ ಬರತೈತೋ ಇಲ್ಲೋ. ಇಷ್ಟು ಕೇಳೂ ಸಿಸ್ಟರ್ ಇದ್ದಲ್ಲೆ ಕೆಲಸ ಗೊತ್ತಿದ್ದ ಮಂದಿ ಅದಾರ ಅಂತ ತಿಳಿ.

ರಾತ್ರಿ ಮ್ಯಾಲೆ ಇಷ್ಟ್ಯಾಕ ಜೋರು ಅಂದ್ರ, ನೋವು, ದಮ್ಮು, ಅಂಜಿಕಿ ಮೂರೂ ಕತ್ತಲಾದ ಮ್ಯಾಲೆ ಏರತಾವ, ಅದ ಹೊತ್ತಿಗೆ ಸಿಬ್ಬಂದಿ ಕಡಿಮಿ ಆಗತಾರ. ಅಮೆರಿಕಾದಾಗ ಮೆಡಿಕೇರ್ ಅನ್ನೂ ಸರಕಾರಿ ಆರೋಗ್ಯ ವಿಮಾದ ಕಡೆಯಿಂದ ಹಾಸ್ಪೈಸ್‌ಗಳನ್ನ ಅಳೆಯೂ ಪದ್ಧತಿ ಐತಿ. ಮನ್ಯಾಗ ಇಟಗೊಂಡು ನೋಡೂ ರೋಗಿಗೆ ಕಡೀ ಮೂರು ದಿನದಾಗ ಎರಡು ದಿನಾನರ ನರ್ಸ್ ಅಥವಾ ಸಮಾಜ ಕಾರ್ಯಕರ್ತರು ಖುದ್ದ ಬಂದಿದ್ರೋ ಇಲ್ಲೋ ಅಂತ ಲೆಕ್ಕ ಹಿಡೀತಾರ. ತೀರಿಕೊಂಡು ಕೆಲವು ತಿಂಗಳಾದ ಮ್ಯಾಲೆ ಮನೆಯವರಿಗೆ ಪ್ರಶ್ನಾವಳಿ ಕಳಸತಾರ. ಅದರಾಗ ಸಂಜಿ, ಶನಿವಾರ-ರವಿವಾರ, ಸೂಟಿ ದಿನ ಕರದಾಗ ಸಹಾಯ ಸಿಕ್ಕಿತೇನು ಅನ್ನೂ ಪ್ರಶ್ನೆ ಬ್ಯಾರೇನ ಇರತೈತಿ. ನಮ್ಮ ಕಡೆ ಹಂಗ ತಗದು ನೋಡೂ ಪಟ್ಟಿ ಇಲ್ಲ. ಅದಕ್ಕ ಅದ ಪ್ರಶ್ನೆ ನೀನ ಕೇಳಬೇಕು. ಆರು ತಿಂಗಳ ಹಿಂದ ಅಲ್ಲೆ ತಮ್ಮವರನ್ನ ಕಳಕೊಂಡ ಒಂದೆರಡು ಮನೆಯವರನ್ನ ಮಾತಾಡಸು. ಈಗ ರೋಗಿ ಒಳಗ ಇದ್ದವರು ಅಂಜಿ ಖರೆ ಹೇಳಂಗಿಲ್ಲ.

ಮುಂದಿಂದು ಮಾರ್ಫಿನ್, ಅಂದ್ರ ಜೋರು ನೋವಿಗೆ ಕೊಡೂ ಔಷಧ. "ಬೇಕಾದ್ರ ಬರದು ಕೊಡತೇವ್ರಿ" ಅಂದ್ರ ಹುಷಾರಾಗು. ಆ ಚೀಟಿ ಹಿಡಕೊಂಡು ಹುಬ್ಬಳ್ಳಿ ಕೊಪ್ಪಿಕರ ರೋಡ್ ತುಂಬ ಅಡ್ಡಾಡಿದ್ರೂ ಸಾದಾ ಔಷಧ ಅಂಗಡ್ಯಾಗ ಆ ಗುಳಗಿ ಸಿಗೂದು ಕಠಿಣ. 1985ರ ಮಾದಕ ವಸ್ತು ಕಾಯ್ದೆ ಭಾಳ ಬಿಗಿ ಇತ್ತು. 2014ರ ತಿದ್ದುಪಡಿ ಆದ ಮ್ಯಾಲೆ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಮಾರ್ಫಿನ್ ಇಟ್ಟು ಕೊಡಬಹುದು ಅಂತ ಆತು. ಹಂಗಾಗಿ ಕೇಳೂ ಪ್ರಶ್ನೆ ಎರಡು. ನಿಮಗ ಆ ಮಾನ್ಯತೆ ಐತೇನು? ರಾತ್ರಿ ಆ ಕಪಾಟಿನ ಕೀಲಿಕೈ ಯಾರ ಕಡೆ ಇರತೈತಿ? ಎರಡನೇದು ಭಾಳ ಮುಖ್ಯ. ಗುಳಗಿ ಕಪಾಟಿನ್ಯಾಗ ಇದ್ದು ಕೀಲಿಕೈ ಡಾಕ್ಟರ್ ಮನ್ಯಾಗ ಇದ್ರ ಕಾಕಾ ಬೆಳತನಕ ನರಳಬೇಕು.

ಗುಳಗಿ ಕೊಡೂ ರೀತೀನೂ ನೋಡು. ಸಾದಾ ಮಾರ್ಫಿನ್ ಗುಳಗಿ ಕೆಲಸ ಮಾಡೂದು ಸುಮಾರು 4 ತಾಸು. ಅದಕ್ಕ 4 ತಾಸಿಗೊಮ್ಮೆ, ಗಡಿಯಾರ ನೋಡಿ, ನೋವು ತಿರುಗಿ ಬರೂ ಮೊದಲ ಕೊಡಬೇಕು. 1967ರಾಗ ಲಂಡನ್ನಿನಾಗ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ಶುರು ಮಾಡಿದ ಸಿಸಿಲಿ ಸಾಂಡರ್ಸ್ ಪಟ್ಟು ಹಿಡದು ಕಲಿಸಿದ್ದು ಇದನ್ನ. "ನೋವು ಬಂದ್ರ ಕೇಳ್ರಿ, ಕೊಡತೇವಿ" ಅನ್ನೂ ಕಡೆ ರೋಗಿ ದಿನಾ ಬೇಡಿಕೊಳ್ಳಬೇಕಾಗತೈತಿ. ಗಡಿಯಾರದ ಗುಳಗಿ ನಡದಾಗೂ ನಡುವ ನೋವು ಎದ್ದರ ಹೆಚ್ಚಿನ ಗುಳಗಿ ಒಂದು ಬರದು ಇಟ್ಟಿರಬೇಕು. ದಿನದ ಒಟ್ಟು ಪ್ರಮಾಣದ ಆರನೇ ಒಂದು ಪಾಲು ಅನ್ನೂದು ರೂಢಿ. 10 ಮಿಲಿಗ್ರಾಂ 4 ತಾಸಿಗೊಮ್ಮೆ ಅಂದ್ರ ದಿನಕ್ಕ 60 ಆತು, ಹೆಚ್ಚಿಂದು 10. ಇದು ನಿನಗ ಲೆಕ್ಕ ತಿಳೀಲಿ ಅಂತ ಹೇಳಿದ್ದು. ಕಾಕಾನ ಪ್ರಮಾಣ ಅವರ ಡಾಕ್ಟರ್ ಗೊತ್ತು ಮಾಡಬೇಕು, ಕಿಡ್ನಿ ಸೋತಿದ್ರಂತೂ ಲೆಕ್ಕಾನ ಬ್ಯಾರೆ. ಮಲಗೂ ಹೊತ್ತಿನ ಗುಳಗಿ ಭಾಳ ಕಡೆ ಎರಡು ಪಟ್ಟು ಕೊಡತಾರ, ನಡುರಾತ್ರಿ ಎಬ್ಬಸೂದು ತಪ್ಪಲಿ ಅಂತ.

ಮಾರ್ಫಿನ್ ಜೋಡಿ ಸಂಡಾಸಕ್ಕ ಗುಳಗಿ ಇಲ್ಲದ ಚೀಟಿ ನೋಡಿದ್ರ ಅದು ಅರ್ಧಾ ಚೀಟಿ. ಮಾರ್ಫಿನ್ ಕರಳನ್ನ ನಿಧಾನ ಮಾಡತೈತಿ. ವಾಂತಿ, ಮಂಪರು ನಾಕೈದು ದಿನಕ್ಕ ಇಳೀತಾವ. ಸಂಡಾಸ ಕಟ್ಟೂದು ಮಾತ್ರ ಗುಳಗಿ ಇರೂ ತನಕ ಇರತೈತಿ. ಹೊಟ್ಟಿ ಬಿಗಿದು ಊಟ ಬಿಟ್ಟವರನ್ನ "ಇನ್ನ ಮುಗೀತು" ಅಂತ ತಿಳಕೊಳ್ಳೂದು ನಮ್ಮಲ್ಲೆ ಆಗತಿರತೈತಿ. ಕಾಕಾಗ ಗಲ್ಲದ ಗಾಯದಿಂದ ನುಂಗೂದು ಕಷ್ಟ ಅಲ್ಲಾ, ನಾಳೆ ಮೂಗಿನ ನಳಿಗೆ ಬಂದ್ರ ಸಾದಾ ಗುಳಗಿ ಪುಡಿ ಮಾಡಿ ನೀರಾಗ ಕೊಡಬಹುದು. ನಿಧಾನ ಬಿಡುಗಡೆಯಾಗೂ 12 ತಾಸಿನ ಗುಳಗಿ ಮಾತ್ರ ಎಂದೂ ಪುಡಿ ಮಾಡಬಾರದು, ಇಡೀ ಪ್ರಮಾಣ ಒಮ್ಮೇಲೆ ಇಳದು ಬಿಡತೈತಿ. ಮೈಗೆ ಅಂಟಸೂ ಫೆಂಟನಿಲ್ ಅನ್ನೂ ನೋವಿನ ಔಷಧದ ಪಟ್ಟಿ 72 ತಾಸು ಬರತೈತಿ ಖರೆ, ಆದ್ರ ಹಚ್ಚಿದ ಮ್ಯಾಲೆ ಕೆಲಸಕ್ಕ ಹತ್ತಾಕ 12 ತಾಸಿನ ಮ್ಯಾಲೇನ ಬೇಕು. ಈಗ ಚೀರೂ ನೋವಿಗೆ ಪಟ್ಟಿ ಅಂಟಿಸಿ ಕೈ ತೊಳಕೊಂಡ್ರ ಆ ರಾತ್ರಿ ಹಂಗ ಉಳೀತು.

"ಮಾರ್ಫಿನ್ ಶುರು ಅಂದ್ರ ಕಡೀ ಗಳಿಗಿ" ಅಂತ ಮನ್ಯಾಗ ಯಾರಾದ್ರೂ ಅಂದಾರು. ಅಲ್ಲ. ಅಳತಿ ಪ್ರಕಾರ ಕೊಟ್ಟ ಮಾರ್ಫಿನ್ ಸಾವನ್ನ ಲಗೂ ತರಂಗಿಲ್ಲ. ನೋವು ಇಳದ ಮ್ಯಾಲೆ ತಿಂಗಳಗಟ್ಟಲೆ ಊಟ, ಮಾತು, ನಿದ್ದಿ ಎಲ್ಲಾ ನಡಿಸಿದವರು ಅದಾರ.

ಇನ್ನ ಖುದ್ದ ಹೋಗಿ ನೋಡೂದು. ಅವರು ಹೇಳಿದ ಹೊತ್ತಿಗೆ ಹೋಗಬ್ಯಾಡ, ಪಾಳಿ ಬದಲಾಗೂ ಹೊತ್ತಿಗೆ ಹೋಗು. ಹೋಗೂ ಸಿಸ್ಟರ್ ಬರೂ ಸಿಸ್ಟರ್‌ಗೆ ಒಬ್ಬೊಬ್ಬ ರೋಗಿ ಹೆಸರು ಹಿಡದು ಹೇಳತಾರೋ, ಬರೇ ರಿಜಿಸ್ಟರ್ ಕೈಗೆ ಇಟ್ಟು ಹೋಗತಾರೋ ನೋಡು. ರಾತ್ರಿ ಒಬ್ಬ ಸಿಸ್ಟರ್‌ಗೆ ಎಷ್ಟು ಹಾಸಿಗಿ, ಅವರು ತರಬೇತಿ ಆದ ನರ್ಸೋ, ಆಯಾ ಅಷ್ಟೋ ಅನ್ನೂದನ್ನ ಸಂಖ್ಯೆ ಸಮೇತ ಕೇಳು.

ಮಗ್ಗಲು ಹೊಳ್ಳಸೂ ಚಾರ್ಟ್ ಕೇಳು. ಏಳಾಕ ಆಗದವರನ್ನ ಸುಮಾರು 2 ತಾಸಿಗೊಮ್ಮೆ ಹೊಳ್ಳಸಬೇಕು, ಇಲ್ಲಾಂದ್ರ ಟೊಂಕದ ಕೆಳಗ, ಹಿಂಬಡಕ್ಕ ಹುಣ್ಣು ಬೀಳತಾವ. ಚಾರ್ಟಿನ್ಯಾಗ ದಿನದ ಎಲ್ಲಾ ಸಹಿ ಒಂದ ಪೆನ್ನು, ಒಂದ ಕೈ, ಒಂದ ಓಟದಾಗ ಇದ್ರ ಅದನ್ನ ಸಂಜಿಗೆ ಕುಂತು ತುಂಬ್ಯಾರ ಅಂತ ಅರ್ಥ. ಗಾಳಿ ಹಾಸಿಗಿ ಇದ್ರ ಪಂಪು ನಡದೈತೋ ನೋಡು. ರೋಗಿಯ ಟೊಂಕದ ಕೆಳಗ, ಹಾಸಿಗಿ ತಳಕ್ಕ ಕೈ ಹಾಕಿದ್ರ ಎಲುಬು ತಾಕಬಾರದು. ತಾಕಿದ್ರ ಗಾಳಿ ಹೋಗೈತಿ. ಒಬ್ಬರ ತುಟಿ, ನಾಲಿಗಿ ನೋಡು. ಬಾಯಿ ಒಣಗಿ ಬಿಳಿ ಪದರು ಕಟ್ಟಿದ್ರ ಅಲ್ಲೆ ಬಾಯಿ ಒರಸೂವರು ಇಲ್ಲ.

ವಾಸನಿ ಬಗ್ಗೆ ನಾಚಿಕೊಳ್ಳದ ಕೇಳು. ನಮ್ಮ ಕಡೆ ತಂಬಾಕು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಭಾಳ. ಗದಗ, ಹಾವೇರಿಯಿಂದ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬರೂವರ ಸಾಲಿನ್ಯಾಗ ಗಲ್ಲಕ್ಕ ಟಾವೆಲ್ಲು ಮುಚ್ಚಿಕೊಂಡವರನ್ನ ನೀನೂ ನೋಡಿದ್ದಿ. ತೆರೆದ ಗಾಯದ ವಾಸನಿಗೆ ಮೆಟ್ರೊನಿಡಜೋಲ್ ಗುಳಗಿ ನುಣ್ಣಗ ಪುಡಿ ಮಾಡಿ ಗಾಯದ ಮ್ಯಾಲೆ ಉದರಸತಾರ. ಕಡಿಮಿ ರೊಕ್ಕ, ಭಾಳ ಪರಿಣಾಮ. ಫಿನಾಯಿಲ್ ಹೊಡದು ಮುಚ್ಚೂ ಕಡೆ ಈ ಪುಡಿ ಗೊತ್ತಿಲ್ಲ ಅಂತ ತಿಳಿ. ಕುತ್ತಿಗಿ ಹತ್ರದ ಗಾಯ ಒಮ್ಮೊಮ್ಮೆ ರಕ್ತನಾಳಕ್ಕ ತಾಕಿ ಒಮ್ಮೇಲೆ ಸುರಿಯಬಹುದು. ತಿಳಿದ ಮಂದಿ ಅಂಥವರ ಹಾಸಿಗಿ ಕೆಳಗ ಗಾಢ ಬಣ್ಣದ ದಪ್ಪ ಟಾವೆಲ್ಲು ಇಟ್ಟಿರತಾರ. ಬಿಳಿ ಅರಬಿ ಮ್ಯಾಲಿನ ಕೆಂಪು ನೋಡಿ ರೋಗಿ ಅಂಜಬಾರದು ಅಂತ. "ರಕ್ತ ಬಂದ್ರ ಏನು ಮಾಡತೀರಿ?" ಅಂತ ಕೇಳು. "ದೊಡ್ಡ ದವಾಖಾನಿಗೆ ಕಳಸತೇವಿ" ಅಂದವರಿಗಿಂತ ಟಾವೆಲ್ಲು, ನೆಮ್ಮದಿಗೆ ಕೊಡೂ ಸೂಜಿ, ಕೈ ಹಿಡದು ಕೂಡೂ ಒಬ್ಬ ಮನುಷ್ಯಾ ಅಂತ ಹೇಳಿದವರನ್ನ ನಂಬು.

ಕಡೀ ದಿನಗಳಾಗ ಗಂಟಲದಾಗ ಗೊರಗೊರ ಸಪ್ಪಳ ಬರತೈತಿ. ಕೇಳೂವರಿಗೆ ತಡಕೊಳ್ಳಾಕ ಆಗಂಗಿಲ್ಲ, ಆದ್ರ ಎಚ್ಚರ ಇಲ್ಲದ ರೋಗಿಗೆ ಅದು ತ್ರಾಸು ಕೊಡತೈತಿ ಅಂತಲ್ಲ. ಮಗ್ಗಲು ಹೊಳ್ಳಿಸಿ, ಜೊಲ್ಲು ಒಣಗಸೂ ಸೂಜಿ ಕೊಡತಾರ. ನಳಿಗೆ ಆಳಕ್ಕ ಹಾಕಿ ಎಳೆಯೂದು ಹಿಂಸಾ. ಸಲೈನ್ ಬಾಟ್ಲಿ ಹಚ್ಚರಿ ಅಂತ ನೀವ ಜೋರು ಮಾಡತೀರಿ, ಅದು ಗೊತ್ತೈತಿ ನನಗ. ಸಾಯೂ ಮೈಗೆ ಆ ನೀರು ದಕ್ಕಂಗಿಲ್ಲ. ಕಾಲು ಬಾಯಬಹುದು, ಗೊರಗೊರ ಹೆಚ್ಚಾಗಬಹುದು. ಅದನ್ನ ಕುಂದರಿಸಿ ತಿಳಿಸಿ ಹೇಳೂ ತಾಳ್ಮಿ ಇದ್ದವರು ಬೇಕು. ದಮ್ಮಿಗೆ ಮಾರಿ ಮ್ಯಾಲೆ ಫ್ಯಾನಿನ ಗಾಳಿ, ಕಿಡಕಿ, ತಲಿ ಎತ್ತರ, ಸಣ್ಣ ಪ್ರಮಾಣದ ಮಾರ್ಫಿನ್ ಇವು ಮೊದಲು.

ರೊಕ್ಕದ ಮಾತು ಲಗೂನ ಮುಗಸತೇನಿ. ಬೆಂಗಳೂರಿನ ಕರುಣಾಶ್ರಯ ಹಾಸ್ಪೈಸ್‌ನಾಗ ರೋಗಿ ಕಡೆಯಿಂದ ಒಂದು ರೂಪಾಯಿ ತಗೊಳ್ಳಂಗಿಲ್ಲ. ಇಲ್ಲೆ ತಗೊಳ್ಳೂವರಿದ್ರ ಯಾವುದಕ್ಕ ಎಷ್ಟು ಅಂತ ಬರದು ಕೊಡಲಿ. ಮನೀಗೆ ಬಂದು ನೋಡೂವರಾದ್ರ ಗದಗ ಹುಬ್ಬಳ್ಳಿಯಿಂದನ ಸುಮಾರು 60 ಕಿಲೋಮೀಟರ್, ಯಾವ ವಾರ ಬರತಾರ, ನಡುವಿನ ದಿನಕ್ಕ ಯಾರು, ಮನ್ಯಾಗ ತೀರಿಕೊಂಡ್ರ ಸಾವಿನ ಕಾರಣದ ಪತ್ರಕ್ಕ ಯಾರು ಸಹಿ ಮಾಡತಾರ ಅಂತ ಈಗ ಕೇಳಿ ಇಡು. ನೋಂದಣಿಗೆ 21 ದಿನ ಅವಧಿ. ವೆಂಟಿಲೇಟರ್ ಬ್ಯಾಡ ಅನ್ನೂ ಇಚ್ಛೆ ಇದ್ರ ಎರಡು ಸಾಕ್ಷಿ ಇಟ್ಟು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಮುಂದ ಬರದು ಇಡಬಹುದು. ಸುಪ್ರೀಂ ಕೋರ್ಟ್ 2018ರಾಗ ಒಪ್ಪಿ, 2023ರಾಗ ಹಾದಿ ಸರಳ ಮಾಡೈತಿ. ಬರಿಯೂ ಇಚ್ಛೆ ಮಾತ್ರ ಕಾಕಾಂದು ಇರಬೇಕು, ನಿಮ್ಮದಲ್ಲ.

ಇಲ್ಲಿಗೆ ನಿನ್ನ ಕಡೀ ಸಾಲು ನೆನಪಾತು. "ಕಾಕಾಗ ಏನೂ ಗೊತ್ತಿಲ್ಲ. ಗೊತ್ತಾಗದ ಹಂಗ ನೋಡಿಕೊಳ್ಳೂ ಜಾಗ ಬೇಕು."

ಚಲೋ ಜಾಗದ ಡಾಕ್ಟರ್ ಇದಕ್ಕ ಮಾತು ಕೊಡಂಗಿಲ್ಲ. ಹಂಗಂತ ಹೋಗಿ ಒದರೂದೂ ಇಲ್ಲ. ಕಾಕಾನ ಹತ್ರ ಕುಂತು, "ನಿಮ್ಮ ಬ್ಯಾನಿ ಬಗ್ಗೆ ನಿಮಗೇನು ಅನಸೈತ್ರಿ, ಎಷ್ಟು ತಿಳಕೊಬೇಕು ಅಂತೀರಿ?" ಅಂತ ಅವರನ್ನ ಕೇಳತಾರ, ಅವರು ತಗದಷ್ಟ ಬಾಗಲದಾಗ ಒಳಗ ಹೋಗತಾರ. ಮೊದಲ ದಿನ ಡಾಕ್ಟರ್ ಕುರ್ಚಿ ಯಾರ ಕಡೆ ತಿರುಗಸತಾರ ನೋಡು, ಹಾಸಿಗಿ ಕಡೆಗೋ, ನಿಂತ ಮಕ್ಕಳ ಕಡೆಗೋ.

ಇದನ್ನ ಬರಿಯೂ ಹೊತ್ತಿಗೆ ನನ್ನ ಕೈ ನಿಂತಿತು. ನೋವು 0ರಿಂದ 10ರ ಒಳಗ ಎಷ್ಟು ಅಂತ ರೋಗೀನ ಕೇಳಿ ಬರಕೊಬೇಕು. ಇಂಥಾ ರೋಗಿಗಳನ್ನ ನೋಡೂದ ನನ್ನ ಕೆಲಸ, ಆದ್ರೂ ಎಷ್ಟೋ ಸಲ ನಾನು ರೋಗಿಯ ಮಗನ್ನ ಕೇಳಿ ಬರಕೊಂಡೇನಿ. ಮಗ "ಮೂರು ಇರಬೇಕ್ರಿ" ಅಂತಾನ, ಮೂರು ಬರೀತೇನಿ. ಹಾಸಿಗ್ಯಾಗಿನ ಅವನ ಅವ್ವ ಎಂಟು ಅಂತಿದ್ಲೇನೋ. ಹೊತ್ತಿಲ್ಲ ಅಂತ ಅಲ್ಲ. ಅವ್ವನ್ನ ಕೇಳಿದ್ರ ಅಕಿ ಬರೇ ಅಂಕಿ ಹೇಳಿ ಬಿಡಂಗಿಲ್ಲ, "ನಾ ಯಾವಾಗ ಮನೀಗೆ ಹೋಗತೇನ್ರಿ?" ಅಂತ ಕೇಳತಾಳ. ಅದನ್ನ ಕೇಳಿಸಿಕೊಳ್ಳಾಕ ಧೈರ್ಯ ಸಾಲದ ದಿನ ನಾ ಮಗನ ಕಡೆ ತಿರುಗೇನಿ. ಆ ಮೂರರ ಮ್ಯಾಲೇನ ಗುಳಗಿ ಪ್ರಮಾಣ ಗೊತ್ತಾಗತಿತ್ತು. ಎಷ್ಟು ಮಂದಿ ಆ ಮೂರರಾಗ ರಾತ್ರಿ ಕಳದಾರ, ನನಗ ಲೆಕ್ಕ ಇಲ್ಲ.

ಇಷ್ಟು ಬರೀಬೇಕಂತ ಕುಂತಿರಲಿಲ್ಲ. ಅಳಸಾಕ ಹೋಗಿ ಬಿಟ್ಟೇನಿ, ಇರಲಿ.

ಶನಿವಾರ ನೀ ಬಂದ ಮ್ಯಾಲೆ ಮೂರೂ ಕಡೆ ಕೂಡೇ ಹೋಗೂನು, ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ್ಯಾಗ ಸೀಟು ನಾ ಹಿಡೀತೇನಿ. ಎರಡನೇ ಜಾಗಕ್ಕ ಇವತ್ತ ರಾತ್ರಿ ನಾನ ಫೋನ್ ಹಚ್ಚತೇನಿ. ಗದಗ ಬಿಡೂ ಮೊದಲು ಕಾಕಾನ ಮಗ್ಗಲು ಹತ್ತು ನಿಮಿಷ ಒಬ್ಬನ ಕುಂತು, ಎಲ್ಲೆ ಇರಾಕ ಮನಸೈತಿ ಅಂತ ಕೇಳಿ ಬಾ. ಲೈನ್ ಬಜಾರದ ಫೇಡೆ ಅವರಿಗೆ ನುಂಗಾಕ ಬರಂಗಿಲ್ಲ, ಹಾಲಿನಾಗ ಕಲಿಸಿ ಒಂದು ಚಮಚ ನಾಲಿಗಿ ಮ್ಯಾಲೆ ಇಡಬಹುದು, ನಾ ತಂದಿಡತೇನಿ.

ಛತ್ರಿ ತರಬ್ಯಾಡ.

ನಿನ್ನ ಗೆಳೆಯ
ಧಾರವಾಡ