ಹೋಲಿಸುವ ಮೊದಲು ಪ್ರಸ್ತಾರ ಹಾಕಿ

ಪ್ರಿಯ ಮಿತ್ರರೇ,

ಪ್ರಾಚೀನ ಅರಬ್ಬಿ ಮತ್ತು ಫಾರಸಿ ಕಾವ್ಯವನ್ನು ಹೋಲಿಸಿ ನೀವು ಬರೆದ ಲೇಖನದ ಕರಡು ಓದಿದೆ. ಮದಿರೆ, ವಿರಹ, ಮರುಭೂಮಿ, ಹೂದೋಟ ಎಲ್ಲವೂ ಬಂದಿವೆ. ಆದರೆ ಒಂದೇ ಒಂದು ಸಾಲಿಗೂ ಪ್ರಸ್ತಾರ (ಲಘು-ಗುರುಗಳ ಗುರುತು) ಹಾಕಿಲ್ಲ. 8ನೇ ಶತಮಾನದಲ್ಲಿ ಬಸ್ರಾದ ಖಲೀಲ್ ಇಬ್ನ್ ಅಹ್ಮದ್ ಅರಬ್ಬಿ ಪದ್ಯಕ್ಕಾಗಿ ಕಟ್ಟಿದ ‘ಅರೂಜ್’ ಎಂಬ ಛಂದಶ್ಶಾಸ್ತ್ರವನ್ನು ಫಾರಸಿಯವರು ಹೆಸರುಗಳ ಸಮೇತ ತೆಗೆದುಕೊಂಡರು ನಿಜ. ಹೆಸರು ಒಂದೇ ಎಂದ ಮಾತ್ರಕ್ಕೆ ನಡೆಯೂ ಒಂದೇ ಎಂದುಕೊಂಡಲ್ಲಿಯೇ ಲೇಖನ ಜಾರಿದೆ.

ಕನ್ನಡ ಛಂದಸ್ಸು ಓದಿದವರಿಗೆ ಇದು ಕಷ್ಟದ ಕೆಲಸವಲ್ಲ, ಎರಡೂ ಲಘು-ಗುರುಗಳ ಲೆಕ್ಕವೇ. ಅವರ ‘ಫಊಲುನ್’ ಗಣ ನಮ್ಮ ಯಗಣ (ಲಘು-ಗುರು-ಗುರು). ನಾಲ್ಕು ಯಗಣ ಸೇರಿದರೆ ನಮಗೆ ಭುಜಂಗಪ್ರಯಾತ, ಅವರಿಗೆ ಮುತಕಾರಿಬ್. ಕೊನೆಯ ಗುರು ಒಂದನ್ನು ಕಳೆದರೆ ಫಾರಸಿ ಮಹಾಕಾವ್ಯ ಶಾಹನಾಮೆಯ ಸಾಲು. ಪದ್ಯವನ್ನು ರೋಮನ್ ಲಿಪಿಯಲ್ಲಿ ಇಟ್ಟುಕೊಳ್ಳಬೇಡಿ. ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ, ದೀರ್ಘ ತಪ್ಪದೆ, ಎರಡು ಪದ ಕೂಡುವ ಕಡೆ ಕೂಡಿಸಿಯೇ ಬರೆದುಕೊಳ್ಳಿ.

ಮೊದಲು ಅರಬ್ಬಿ. 6ನೇ ಶತಮಾನದ ಕವಿ ಇಮ್ರುಉಲ್ ಕೈಸನ ಕಸೀದ (ಒಂದೇ ಪ್ರಾಸದ ದೀರ್ಘ ಪದ್ಯ) ಶುರುವಾಗುವುದು ಹೀಗೆ: ‘ಕಿಫಾ ನಬ್ಕಿ ಮಿನ್ ಜಿಕ್ರಾ ಹಬೀಬಿನ್ ವ ಮನ್‌ಜಿಲೀ / ಬಿ ಸಿಕ್‌ತಿಲ್ ಲಿವಾ ಬೈನದ್ ದಖೂಲಿ ಫ ಹೌಮಲೀ’. ವೃತ್ತ ತವೀಲ್. ಎರಡೂ ಅರ್ಧಗಳ ಮೂರನೇ ಗಣ ನೋಡಿ. ‘ಹಬೀಬಿನ್’ ಲಘು-ಗುರು-ಗುರು, ‘ದಖೂಲಿ’ ಲಘು-ಗುರು-ಲಘು. ಒಂದೇ ಬೈತಿನೊಳಗೆ (ಎರಡು ಅರ್ಧಗಳ ಪದ್ಯದೊಳಗೆ) ಗಣ ಬದಲಾಯಿತು, ಅರಬ್ಬಿಯಲ್ಲಿ ಅದು ದೋಷವಲ್ಲ. ಜಿಹಾಫ್ ಎಂಬ ಈ ಸಡಿಲಿಕೆ ಸಾಲಿನಿಂದ ಸಾಲಿಗೆ ಬಂದು ಹೋಗುತ್ತದೆ. ಫಾರಸಿ ಕವಿ ಇದನ್ನು ಸಹಿಸುವುದಿಲ್ಲ. ಎರಡು ಲಘುವಿನ ಜಾಗದಲ್ಲಿ ಒಂದು ಗುರು ಇಡುವಂಥ ಬೆರಳೆಣಿಕೆಯ ವಿನಾಯಿತಿ ಬಿಟ್ಟರೆ, ಮೊದಲ ಸಾಲಿನ ವಿನ್ಯಾಸವೇ ಕೊನೆತನಕ. ಅರಬ್ಬರ ಮೆಚ್ಚಿನ ತವೀಲ್, ಬಸೀತ್, ಕಾಮಿಲ್‌ಗಳು ಫಾರಸಿಯಲ್ಲಿ ಅಪರೂಪ. ಅಲ್ಲಿ ಹಜಜ್, ರಮಲ್, ಮುಜ್ತಸ್‌ಗಳದೇ ಆಳ್ವಿಕೆ.

ಈಗ ಫಾರಸಿ, ನಾವು ಎಡವುವ ಜಾಗ. ಶೀರಾಜಿನ ಹಾಫಿಜ್‌ನ ದಿವಾನಿನ (ಕವನಸಂಗ್ರಹದ) ಮೊದಲ ಗಜಲ್ ತೆಗೆಯಿರಿ. ಮೊದಲ ಮಿಸ್ರ (ಬೈತಿನ ಅರ್ಧ) ಅರಬ್ಬಿ, ಎರಡನೆಯದು ಫಾರಸಿ: ‘ಕೆ ಇಶ್ಕ್ ಆಸಾನ್ ನಮೂದ್ ಅವ್ವಲ್ ವಲೇ ಉಫ್ತಾದ್ ಮುಶ್ಕಿಲ್‌ಹಾ’. ಗಣ ‘ಮಫಾಈಲುನ್’, ಅಂದರೆ ಯಗಣದ ಮೇಲೊಂದು ಗುರು, ನಾಲ್ಕು ಸಲ. ಕೆ-ಇಶ್-ಕಾ-ಸಾನ್, ನ-ಮೂ-ದವ್-ವಲ್, ವ-ಲೇ-ಉಫ್-ತಾ, ದ್-ಮುಶ್-ಕಿಲ್-ಹಾ. ‘ತಾದ್’ ಅನ್ನು ನಮ್ಮ ಅಭ್ಯಾಸದಂತೆ ಒಂದೇ ಗುರುವೆಂದು ಎಣಿಸಿದರೆ ಸಾಲಿಗೆ ಒಂದು ಲಘು ಕಡಿಮೆ ಬೀಳುತ್ತದೆ. ಫಾರಸಿಯಲ್ಲಿ ದೀರ್ಘದ ನಂತರ ಒಂದು ವ್ಯಂಜನ ಬಂದರೆ, ಅಥವಾ ಹ್ರಸ್ವದ ನಂತರ ಎರಡು ಬಂದರೆ, ಉಳಿದ ವ್ಯಂಜನಕ್ಕೆ ಒಂದು ಲಘುವಿನ ಬೆಲೆ. ಮುಂದೆ ಸ್ವರ ಬಂದರೆ ಅದು ‘ನಮೂದ್ ಅವ್ವಲ್’ನಂತೆ ಕೂಡಿಕೊಳ್ಳುತ್ತದೆ. ದೀರ್ಘದ ಮುಂದಿನ ‘ನ್’ ಲೆಕ್ಕಕ್ಕಿಲ್ಲ, ‘ಸಾನ್’ ಬರೀ ಗುರು. ಸಾಲಿನ ಕೊನೆಯಲ್ಲೂ ಹೆಚ್ಚುವರಿ ಲಘು ಲೆಕ್ಕಕ್ಕಿಲ್ಲ. ಪದಗಳನ್ನು ಬೆಸೆಯುವ ಇಜಾಫತ್‌ನ ‘ಎ’ ಬೇಕಾದಂತೆ ಲಘುವೂ ಆಗುತ್ತದೆ, ಗುರುವೂ ಆಗುತ್ತದೆ. ಲೆಕ್ಕ ತಪ್ಪಿದಾಗ ಈ ನಾಲ್ಕನ್ನು ನೋಡಿ, ಆಮೇಲೆ ಬೇಕಾದರೆ ಹಾಫಿಜ್‌ನನ್ನು ಅನುಮಾನಿಸಿ.

ಪ್ರಾಸದ ಮಾತು ಚಿಕ್ಕದು. ಕಾಫಿಯಾ, ಅಂದರೆ ಅಂತ್ಯಪ್ರಾಸ, ಇಬ್ಬರಲ್ಲೂ ಉಂಟು. ಪ್ರಾಸಾಕ್ಷರದ ಹಿಂದೆ ‘ಈ’ ಮತ್ತು ‘ಊ’ ಸ್ವರಗಳು ಅದಲುಬದಲಾಗುವುದನ್ನು ಅರಬ್ಬಿ ಒಪ್ಪುತ್ತದೆ, ಫಾರಸಿ ಒಪ್ಪುವುದಿಲ್ಲ. ಕನ್ನಡ ಗಜಲ್‌ಗಳಲ್ಲಿ ನೀವು ಕಂಡಿರುವ ರದೀಫ್ (ಪ್ರಾಸದ ನಂತರ ಮರುಕಳಿಸುವ ಪದ) ಫಾರಸಿಯವರ ಕೊಡುಗೆ, ಹಳೆಯ ಅರಬ್ಬಿಯಲ್ಲಿ ಹುಡುಕಬೇಡಿ. ‘ಗಜಲ್’ ಅರಬ್ಬಿಯಲ್ಲಿ ಪ್ರೇಮಕವಿತೆಯ ವಸ್ತು, ಫಾರಸಿಯಲ್ಲಿ ಮತ್ಲಾ (ಎರಡೂ ಅರ್ಧಗಳಲ್ಲಿ ಪ್ರಾಸವಿರುವ ಮೊದಲ ಬೈತು), ತಖಲ್ಲುಸ್ (ಕವಿಯ ಕಾವ್ಯನಾಮ) ಇರುವ ಒಂದು ರೂಪ. ನಿಮ್ಮ ಮೂರನೇ ಪುಟ ಇವೆರಡನ್ನೂ ಒಂದೇ ತಕ್ಕಡಿಗೆ ಹಾಕಿದೆ, ಆ ಪುಟ ತೆಗೆದುಬಿಡಿ.

ಅದರ ಬದಲು ಒಂದೇ ಜೋಡಿ ಹಿಡಿಯಿರಿ: ಬಾಗ್ದಾದಿನ ದಕ್ಷಿಣಕ್ಕಿರುವ ಮದಾಇನ್‌ನ ಸಾಸಾನಿ (ಇಸ್ಲಾಂಪೂರ್ವ ಇರಾನಿನ ರಾಜವಂಶ) ಅರಮನೆಯ ಹಾಳನ್ನು ಕುರಿತ ಎರಡು ಕಸೀದ, 9ನೇ ಶತಮಾನದ ಬುಹ್ತುರಿಯದು ಅರಬ್ಬಿಯಲ್ಲಿ, 12ನೇ ಶತಮಾನದ ಖಾಕಾನಿಯದು ಫಾರಸಿಯಲ್ಲಿ. ಹಳೆಯ ಕಸೀದದಲ್ಲಿ ಪ್ರೇಯಸಿ ಬಿಟ್ಟುಹೋದ ಬಿಡಾರದ ಗುರುತು ಮೊದಲು, ಪಯಣ ಆಮೇಲೆ. ಬುಹ್ತುರಿ ಅದನ್ನು ತಿರುಗಿಸುತ್ತಾನೆ: ತನ್ನ ಬವಣೆ, ಪಯಣ, ಕಡೆಗೆ ಹಾಳು ಅರಮನೆ. ಗೋಡೆಯ ಮೇಲಿನ ಅಂತಿಯೋಕ್ ನಗರದ ಯುದ್ಧಚಿತ್ರ ಎಷ್ಟು ಸಜೀವವೆಂದರೆ, ಅನುಮಾನ ಬಂದು ಕೈಯಿಂದ ಮುಟ್ಟಿ ನೋಡುತ್ತಾನೆ. ಖಾಕಾನಿಗೆ ಪಯಣ ಬೇಕಿಲ್ಲ. ಮೊದಲ ಬೈತಿನಲ್ಲೇ ತನ್ನ ಎದೆಗೆ ‘ಈ ಕಮಾನನ್ನು ಪಾಠ ಹೇಳುವ ಕನ್ನಡಿ ಎಂದು ತಿಳಿ’ ಎನ್ನುತ್ತಾನೆ. ಬುಹ್ತುರಿಯ ವೃತ್ತ ಖಫೀಫ್, ಪ್ರಾಸ ‘ಸೀ’. ಖಾಕಾನಿಯದು ತಗಣ (ಗುರು-ಗುರು-ಲಘು), ಯಗಣ, ಗುರು; ಮತ್ತೆ ಅದೇ. ಸಾಲು ನಡುವೆ ಸರಿಯಾಗಿ ಎರಡಾಗಿ ಒಡೆಯುವುದರಿಂದ ಆ ನಿಲುಗಡೆಯಲ್ಲೂ ಸಾಲಿನ ಕೊನೆಯ ನಿಯಮವೇ ನಡೆಯುತ್ತದೆ. ಉಪದೇಶದ ಮಾತು ಇಷ್ಟು ತುಂಡು ತುಂಡಾಗಿ ಬೀಳುವುದಕ್ಕೆ ಆ ಒಡಕೂ ಒಂದು ಕಾರಣ ಎಂಬುದು ನನ್ನ ಅಂದಾಜು. ಒಪ್ಪದಿದ್ದರೆ ಪ್ರಸ್ತಾರ ತೋರಿಸಿ ವಾದಿಸಿ.

ಮುಂದಿನ ಕರಡಿನ ಜೊತೆ ಎರಡೂ ಕಸೀದಗಳ ಮೊದಲ ಹತ್ತು ಬೈತುಗಳ ಪ್ರಸ್ತಾರ ಲಗತ್ತಿಸಿ ಕಳಿಸಿ. ಬುಹ್ತುರಿಯಲ್ಲಿ ಜಿಹಾಫ್ ಬಂದ ಕಡೆಗಳಿಗೆ ಕೆಂಪು ಶಾಯಿಯ ಗುರುತಿರಲಿ.

ನಿಮ್ಮ ಹಿತೈಷಿ